ವೆಂಕಟರಂಗಯ್ಯನ ರಕ್ತ

ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದು ಒಳಗೆ ಕಾಲಿಟ್ಟ ಚನ್ನೇಶನ ಚಪ್ಪಲಿ ನೀರಿನಲ್ಲಿ ಜಾರಿತು. ಫ್ರೀಜರಿನ ಅಡಿಯಿಂದ ಹರಿದ ನೀರು ಗೋಡೆಯವರೆಗೂ ಬಂದಿತ್ತು. ಸ್ವಿಚ್ ಆಫ್ ಆಗಿತ್ತು.

ಅವನು ಮುಚ್ಚಳ ಎತ್ತಿದ. ಗುಬ್ಬಿ, ಕುಣಿಗಲ್ಲಿನ ಹಳ್ಳಿಹಳ್ಳಿ ಅಲೆದು ತಂದ ರಕ್ತದ ಮಾದರಿಗಳೆಲ್ಲ ಕರಗಿದ್ದವು.

ತುಮಕೂರಿನ ಉಪ್ಪಾರಹಳ್ಳಿಯ ಆ ಸಣ್ಣ ಲ್ಯಾಬು ಡಾ. ತನುಶ್ರೀಯದು. ಹೊಗೆಸೊಪ್ಪು, ಗುಟ್ಕಾ ಜಗಿಯುವವರ ರಕ್ತದಲ್ಲಿ ಕೆಲವು ಪ್ರೋಟೀನುಗಳು ಏರಿದ್ದರೆ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯವನ್ನು ಮೊದಲೇ ಗುರುತಿಸಬಹುದೇ ಎಂಬುದು ಅವಳ ಸಂಶೋಧನೆ.

ಇನ್ಸ್‌ಪೆಕ್ಟರ್ ಪ್ರಮೀಳಾ ಬರುವಷ್ಟರಲ್ಲಿ ಒಳಗೆ ಜಗಳ ಶುರುವಾಗಿತ್ತು.

"ನೀನೇ ಆಫ್ ಮಾಡಿ ಮರೆತಿದೀಯ! ಬೇರೆ ಯಾರು ಮುಟ್ತಾರೆ ಅದನ್ನ?" ತನುಶ್ರೀ ಕಿರುಚುತ್ತಿದ್ದಳು.

"ನಾನ್ಯಾಕೆ ಆಫ್ ಮಾಡ್ಲಿ ಮೇಡಂ? ಬಿಸಿಲಲ್ಲಿ ಅಲೆದು ರಕ್ತ ತಂದಿದ್ದು ನಾನು, ನೀವಲ್ಲ!" ಟೆಕ್ನಿಶಿಯನ್ ಚನ್ನೇಶ ತಿರುಗಿಬಿದ್ದ.

ಬಾಗಿಲಲ್ಲಿ ನಿಂತಿದ್ದ ಮೂರನೆಯವನು ನಾಗಭೂಷಣ್. ಕಟ್ಟಡದ ಮಾಲೀಕ. ಕೆಳಗಡೆ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದ. ಹಿಂದಿನ ಕೋಣೆಯಲ್ಲಿ ಸೂಜಿ ಚುಚ್ಚುವುದೂ ಇತ್ತು, ಬಾಯಿ ಹುಣ್ಣಿಗೆ ಮೂಲಿಕೆ ಪುಡಿ ಮಾರುವುದೂ ಇತ್ತು.

ಪ್ರಮೀಳಾ ಬೀಗ ನೋಡಿದಳು. ಒಂದು ಗೀರೂ ಇಲ್ಲ. "ಕೀ ಯಾರ್ಯಾರ ಹತ್ರ ಇದೆ?"

"ನನ್ ಹತ್ರ, ಚನ್ನೇಶ್ ಹತ್ರ," ಎಂದಳು ತನುಶ್ರೀ. "ಓನರ್ ಹತ್ರ ಒಂದು."

ಪ್ರಮೀಳಾ ಫ್ರೀಜರಿಗೆ ಬಗ್ಗಿದಳು. ಟ್ಯೂಬುಗಳಲ್ಲಿ ತಿಳಿಹಳದಿ ನೀರಿನಂಥದ್ದು. ಒಂದರಲ್ಲಿ ಮಾತ್ರ ದಾಳಿಂಬೆ ರಸದಂತೆ ಕೆಂಪು. ಚೀಟಿಯಲ್ಲಿ ಹೆಸರು — ವೆಂಕಟರಂಗಯ್ಯ, ಗುಬ್ಬಿ.

"ಕರಗಿ ಕೆಟ್ಟೋಗಿರತ್ತೆ, ಇನ್ನೇನು," ಎಂದ ನಾಗಭೂಷಣ್. ಜಗಳದಲ್ಲಿ ಮುಳುಗಿದ್ದ ಉಳಿದಿಬ್ಬರು ಇತ್ತ ನೋಡಲೇ ಇಲ್ಲ. ಪ್ರಮೀಳಾ ಆ ಟ್ಯೂಬನ್ನು ತೆಗೆಸಿ ಬೇರೆ ಇಟ್ಟಳು.

"ನಿಮ್ಗೆ ಯಾರ ಮೇಲೆ ಅನುಮಾನ?"

"ಚಂದ್ರು," ಎಂದಳು ತನುಶ್ರೀ ತಕ್ಷಣ. "ಕುಣಿಗಲ್ಲಲ್ಲಿ ಬೀಡಾ ಅಂಗಡಿ ಅವನದು. ನಾವು ರಕ್ತ ತೆಗೆಯೋ ಕ್ಯಾಂಪಿಗೆ ನುಗ್ಗಿ ಎಲ್ಲಾ ಒಡೆದಾಕ್ತೀನಿ ಅಂದಿದ್ದ."

ಕುಣಿಗಲ್ಲಿನಲ್ಲಿ ಚಂದ್ರು ಪೊಲೀಸ್ ಜೀಪು ಕಂಡರೂ ಕೂತಲ್ಲಿಂದ ಏಳಲಿಲ್ಲ.

"ಹೌದು, ಬೈದೆ. ಇನ್ನೂ ಬೈತೀನಿ. ನನ್ ಅಂಗ್ಡಿ ಮುಂದೇನೇ ಟೇಬಲ್ ಹಾಕ್ಕೊಂಡು ನನ್ ಗಿರಾಕಿಗಳ್ಗೇ ಸಾಯ್ತೀರ ಅಂದ್ರೆ ಸುಮ್ನಿರ್ಬೇಕಾ? ಅಷ್ಟಕ್ಕೇ ಕಳ್ಳ ಆಗ್ಬಿಟ್ನಾ?"

"ತುಮಕೂರಿಗೆ ಬಂದಿದ್ಯಾ?"

"ನನ್ಗೆ ಆ ಲ್ಯಾಬು ಯಾವ ಬೀದೀಲೈತೆ ಅಂತಾನೂ ಗೊತ್ತಿಲ್ಲ. ಹೋಗಿ, ಬೇರೆ ಯಾರನ್ನಾದ್ರೂ ಹಿಡೀರಿ."

ಪ್ರಮೀಳಾ ಅವನನ್ನು ಬಿಟ್ಟು ಗುಬ್ಬಿಗೆ ಹೊರಟಳು. ಕೆಂಪು ಟ್ಯೂಬಿನ ವೆಂಕಟರಂಗಯ್ಯ ನಿವೃತ್ತ ಬಸ್ ಕಂಡಕ್ಟರ್. ಅವನ ಹೆಂಡತಿ ಸಿದ್ದಲಕ್ಷ್ಮಮ್ಮ ಹೊಸ್ತಿಲಲ್ಲೇ ಅಡ್ಡ ನಿಂತಳು.

"ಆ ಡಾಕ್ಟ್ರಮ್ಮ ಕಳ್ಸಿದ್ಳಾ? ಮೊದ್ಲ ಸಲ ರಕ್ತ ನೋಡಿ ಅಪಾಯ ಜಾಸ್ತಿ ಐತೆ, ಬಾಯಿಂದ ಚೂರು ಕುಯ್ದು ನೋಡ್ಬೇಕು ಅಂದ್ಳು. ನಾವು ಒಪ್ಲಿಲ್ಲ. ನಾಗಭೂಷಣಣ್ಣನ ಪುಡಿ ತಗೊಂಡ್ರು, ವಾಸಿ ಆಗವ್ರೆ. ಅದ್ಕೇ ಎರಡ್ನೇ ಸಲ ರಕ್ತ ಕೊಟ್ಟಿದ್ದು. ನಾಗಭೂಷಣಣ್ಣ ಎಲ್ರ ಮುಂದೆ ಹೇಳವ್ನೆ — ಈ ಸಲ ರಿಪೋರ್ಟ್ ಕ್ಲೀನಾಗಿ ಬತ್ತದೆ ಅಂತ."

"ನಿಮ್ಮೆಜಮಾನ್ರು ಬಾಯಿ ತೆಗೀಲಿ, ನೋಡ್ತೀನಿ."

ವೆಂಕಟರಂಗಯ್ಯ ಗುರಾಯಿಸಿದ. ಕೆನ್ನೆಯೊಳಗಿದ್ದ ಹೊಗೆಸೊಪ್ಪಿನ ಉಂಡೆಯನ್ನು ಅಂಗಳಕ್ಕೆ ಉಗಿದು ಬಾಯಿ ತೆರೆಯಲು ನೋಡಿದ. ಎರಡು ಬೆರಳು ತೂರುವಷ್ಟೂ ತೆರೆಯಲಿಲ್ಲ. ಒಳಗೆ ಕೆನ್ನೆ ಬೆಳ್ಳಗೆ ಬಿರುಸಾಗಿತ್ತು.

"ರಕ್ತ ಕೊಟ್ಟ ದಿನಾನೂ ಹೊಗೆಸೊಪ್ಪು ಹಾಕ್ಕೊಂಡಿದ್ರಾ?"

"ಅದಿಲ್ದೆ ನಾನು ಎದ್ದಿದ್ದೇ ಇಲ್ಲ. ನಿಮ್ಗೇನಮ್ಮ ಕಷ್ಟ?"

ಪ್ರಮೀಳಾ ಜೀಪು ಹತ್ತಿದಳು. ವಾಪಸು ಬಂದವಳೇ ಕೆಂಪು ಟ್ಯೂಬನ್ನು ಬೇರೊಂದು ಲ್ಯಾಬಿಗೆ ಕಳಿಸಿದಳು. ಅದರ ರಿಪೋರ್ಟ್ ಬಂದ ಮೇಲೆ ವೆಂಕಟರಂಗಯ್ಯ ದಂಪತಿ ಸೇರಿ ಎಲ್ಲರನ್ನೂ ಉಪ್ಪಾರಹಳ್ಳಿಗೆ ಕರೆಸಿದಳು.

"ಚಂದ್ರು ಅಲ್ಲ," ಎಂದಳು. "ಬೀಗ ಒಡೆದಿಲ್ಲ. ಕೀ ಇದ್ದೋರೇ ಒಳಗೆ ಬಂದಿದ್ದು."

ತನುಶ್ರೀ ಚನ್ನೇಶನತ್ತ ತಿರುಗಿದಳು. ಅವನು ಹಲ್ಲು ಕಚ್ಚಿ ನಿಂತಿದ್ದ.

"ಡಾಕ್ಟ್ರೇ, ಈ ಟ್ಯೂಬು ಯಾಕೆ ಕೆಂಪಾಗಿದೆ? ಕರಗಿದ್ದಕ್ಕಾ?"

ತನುಶ್ರೀ ಮೊದಲ ಬಾರಿಗೆ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಇಲ್ಲ... ಸಾಧ್ಯಾನೇ ಇಲ್ಲ. ರಕ್ತಾನ ಮೆಷಿನ್ನಲ್ಲಿ ತಿರುಗಿಸಿ, ಮೇಲಿನ ತಿಳಿ ಮಾತ್ರ ತೆಗೆದು ಇಡ್ತೀವಿ. ಅದು ಕರಗಿದ್ರೂ ಹಳದೀನೇ ಇರತ್ತೆ. ಹಸಿ ರಕ್ತಾನೇ ಫ್ರೀಜರ್‌ಗೆ ಹಾಕಿದ್ರೆ ಮಾತ್ರ ಕಣಗಳು ಒಡೆದು ಹೀಗಾಗೋದು."

"ಅಂದ್ರೆ ಈ ಒಂದು ಟ್ಯೂಬಲ್ಲಿ ಮಾತ್ರ ಯಾರೋ ಬೇರೆ ರಕ್ತ ತುಂಬಿದಾರೆ. ಮಾದರಿಗಳನ್ನ ಕೆಡಿಸೋದು ಮೊದ್ಲು ಅವನ ಉದ್ದೇಶ ಆಗಿರ್ಲಿಲ್ಲ. ಅಸಲಿ ಟ್ಯೂಬು ಮಂಜಿಗೆ ಕಚ್ಕೊಂಡಿರ್ಬೇಕು, ಬಿಡಿಸೋಕೆ ಸ್ವಿಚ್ ಆಫ್ ಮಾಡ್ದ. ಅದೇ ಹೆಸರಿನ ಚೀಟಿ ಅಂಟಿಸಿದ ಬದಲಿ ಟ್ಯೂಬು ಒಳಗಿಟ್ಟು, ಅದು ಗಡ್ಡೆ ಕಟ್ಟೋವರೆಗೂ ಮತ್ತೆ ಓಡಿಸ್ದ. ಹಾಗಿದ್ರೂ ಆಮೇಲೆ ಆಫ್ ಆಗಿದ್ಯಾಕೆ?" ಪ್ರಮೀಳಾ ತಿರುಗಿದಳು. "ಮಿಕ್ಕಿದ್ದೆಲ್ಲ ಹಳದಿ, ತಾನಿಟ್ಟಿದ್ದೊಂದೇ ಕೆಂಪು ಅಂತ ಆಗ ಕಣ್ಣಿಗೆ ಬಿತ್ತು. ಎಲ್ಲಾ ಕರಗಿದ್ರೆ ಯಾರೂ ಒಂದೊಂದೇ ಟ್ಯೂಬು ಹಿಡ್ಕೊಂಡು ನೋಡಲ್ಲ ಅಂತ. ಅಲ್ವಾ, ನಾಗಭೂಷಣ್?"

"ನನ್ಗೂ ಅದಕ್ಕೂ ಏನ್ ಸಂಬಂಧ?" ನಾಗಭೂಷಣ್ ಗದರಿದ.

"ಕೀ ಇರೋದು ಮೂರು ಜನರ ಹತ್ರ. ಇವರಿಬ್ಬರೂ ಹಸಿ ರಕ್ತ ಹಾಗೇ ಫ್ರೀಜ್ ಮಾಡೋ ತಪ್ಪು ಮಾಡಲ್ಲ. ರಕ್ತ ಎಳೆಯೋದು ಗೊತ್ತಿದ್ದು, ಆಮೇಲಿಂದು ಗೊತ್ತಿಲ್ದಿರೋನು ನೀನೊಬ್ನೇ. ಇನ್ನೊಂದು — ಈ ರಕ್ತದಲ್ಲಿ ಹೊಗೆಸೊಪ್ಪಿನ ಅಂಶ ಚೂರೂ ಇಲ್ಲ. ವೆಂಕಟರಂಗಯ್ಯನೋರ ರಕ್ತ ಹಾಗಿರೋಕೆ ಆಗಲ್ಲ. ತೋಳು ಮಡಿಸು."

"ಮಡಿಸಲ್ಲ."

ಕಾನ್‌ಸ್ಟೇಬಲ್ ಅಂಜಿನಪ್ಪ ಅವನ ಕೈ ಹಿಡಿದು ಅಂಗಿಯ ತೋಳು ಮೇಲೆತ್ತಿದ. ಎಡಗೈ ಮಡಿಕೆಯಲ್ಲಿ ಸೂಜಿ ಚುಚ್ಚಿದ ಗುರುತು; ಸುತ್ತ ಹಸಿರು ತಿರುಗಿದ ಕಲೆ.

ನಾಗಭೂಷಣ್ ಕೈ ಕೊಡವಿಕೊಂಡ. "ಏನೀಗ? ನನ್ ಪುಡಿ ತಿಂದು ಯಾರೂ ಸತ್ತಿಲ್ಲ. ಒಂದ್ ರಿಪೋರ್ಟ್ ಚೆನ್ನಾಗಿ ಬಂದಿದ್ರೆ ನೂರಾರು ಜನ ಧೈರ್ಯವಾಗಿ ತಗೋತಿದ್ರು!"

ಸಿದ್ದಲಕ್ಷ್ಮಮ್ಮ ಅವನ ಎದುರು ಬಂದು ನಿಂತಳು. ಬಯ್ಯಲಿಲ್ಲ, ಕೂಗಲಿಲ್ಲ.

"ಪುಡಿ ಮ್ಯಾಲೆ ನಿಂಗೆ ನಂಬ್ಕೆ ಇದ್ದಿದ್ರೆ ರಕ್ತ ಯಾಕಣ್ಣ ಬದ್ಲಾಯಿಸ್ತಿದ್ದೆ?"

ನಾಗಭೂಷಣ್ ಅಂಗಿಯ ತೋಳು ಕೆಳಗೆಳೆದುಕೊಂಡ. ಅಂಜಿನಪ್ಪ ಅವನನ್ನು ಮೆಟ್ಟಿಲು ಇಳಿಸಿಕೊಂಡು ಹೋದ.

ತನುಶ್ರೀ ಚನ್ನೇಶನ ಕಡೆ ಒಂದು ಹೆಜ್ಜೆ ಇಟ್ಟಳು. ಅವನು ಮುಖ ತಿರುಗಿಸಿ ನೆಲ ಒರೆಸುವ ಬಟ್ಟೆ ಎತ್ತಿಕೊಂಡ.

ವೆಂಕಟರಂಗಯ್ಯ ಇನ್ನೂ ಅಲ್ಲೇ ಕೂತಿದ್ದ. ತನುಶ್ರೀಯ ಮೇಲಿನ ಸಿಟ್ಟು ಅವನ ಕಣ್ಣಿಂದ ಹೋಗಿರಲಿಲ್ಲ.

"ಏನಮ್ಮ, ಕುಯ್ದು ನೋಡೋದು ಯಾವತ್ತು?"

"ನಾಳೇನೇ. ಒಂದ್ ಚಿಕ್ಕ ಚೂರು ಅಷ್ಟೆ. ರಕ್ತ ಹೇಳಿದ್ದು ಅಪಾಯ ಅಂತ, ಕ್ಯಾನ್ಸರ್ ಅಂತಲ್ಲ. ಏನಿದೆ ಅಂತ ಈ ಚೂರೇ ಹೇಳ್ಬೇಕು."

"ತಡ ಆಗೋಗಿದ್ರೆ?"

ತನುಶ್ರೀಗೆ ಸುಳ್ಳು ಹೇಳಲಾಗಲಿಲ್ಲ. "ಗೊತ್ತಿಲ್ಲ," ಎಂದಳು.

ಅವನು ಎದ್ದು ಹೆಂಡತಿಯ ಕಡೆ ನೋಡಿದ. "ನಡಿಯೇ. ನಾಳೆ ಮೊದ್ಲ ಬಸ್ಸಿಗೇ ಬರಾನ."