ಕಾಫಿ ಕುಡಿಯದ ಕೋಳಿ

ಕಾರಿನ ಹಿಂದಿನ ಬಾಗಿಲು ತೆಗೆದವರು ಚೌಡಕ್ಕ. ಅಕ್ಕ ಇಳಿದರೆ ಕಾಲಿಗೆ ನೀರು ಕೊಡಬೇಕೆಂದು ತಂಬಿಗೆ ಹಿಡಿದು ನಿಂತಿದ್ದರು. ಅಕ್ಕ ಇಳಿಯಲಿಲ್ಲ. ಸೀಟಿಗೆ ಒರಗಿದ್ದವರು ಹಾಗೇ ಪಕ್ಕಕ್ಕೆ ಜಾರಿದರು.

ಭಾನುವಾರ, ಬೆಳಿಗ್ಗೆ ಹನ್ನೊಂದೂವರೆ. ಜಗಳೂರು ತಾಲ್ಲೂಕಿನ ಸೊಕ್ಕೆ. ಚೌಡಕ್ಕನ ಹೊಸ ಮನೆಯ ಊಟಕ್ಕೆಂದು ಅಕ್ಕ ಕಸ್ತೂರಮ್ಮ ಬಸವಾಪಟ್ಟಣದಿಂದ ಬಂದಿದ್ದರು. ಕಾರು ಓಡಿಸಿದವನು ಒಬ್ಬನೇ ಮಗ ನಿಂಗರಾಜ್. ಸೀಟಿನ ಮೇಲೊಂದು ಫ್ಲಾಸ್ಕ್. ಕಾಲ ಹತ್ತಿರ ಬುಟ್ಟಿಯಲ್ಲಿ ದೇವರಿಗೆಂದು ತಂದ ಹುಂಜ.

"ಯಾರು ಕೊಟ್ಟಿದ್ದೋ ಇದನ್ನ?" ಚೌಡಕ್ಕ ಫ್ಲಾಸ್ಕ್ ಎತ್ತಿ ಕೂಗಿದರು.

"ಸಂಘಮಿತ್ರಾ ಕಾಫಿ ಹಾಕಿ ಕೊಟ್ಲು," ಅಂದ ನಿಂಗರಾಜ್.

ಅಷ್ಟು ಸಾಕಾಯಿತು. ಸಂಘಮಿತ್ರಾ ಅವನ ಹೆಂಡತಿ. ಬೇರೆ ಜಾತಿಯವಳು. ಮದುವೆಯಾಗಿ ಎರಡು ವರ್ಷವಾದರೂ ಅತ್ತೆ ಅವಳ ಕೈಯಿಂದ ಏನೂ ತಿಂದಿರಲಿಲ್ಲ. ಅವತ್ತು ಮೊದಲ ಸಲ, ತಾವೇ ಕೇಳಿ ಕಾಫಿ ಹಾಕಿಸಿಕೊಂಡಿದ್ದರು.

"ವಿಷ ಹಾಕ್ಯಾಳೆ! ನಮ್ಮಕ್ಕನಿಗೆ ವಿಷ ಹಾಕ್ಯಾಳೆ!"

ನಾನು ಹೋಗುವಷ್ಟರಲ್ಲಿ ಸೊಕ್ಕೆಯಲ್ಲಿ ತೀರ್ಪು ಆಗಿಹೋಗಿತ್ತು. ನಾನು ಕೆಂಚೇಶ್, ಜಗಳೂರು ಠಾಣೆಯ ಎಎಸ್ಐ. ಕಸ್ತೂರಮ್ಮನಿಗೆ ಉಸಿರಿತ್ತು, ಎಚ್ಚರವಿರಲಿಲ್ಲ. ಆಂಬುಲೆನ್ಸ್ ದಾವಣಗೆರೆಗೆ ಹೊರಟಿತು. ನಾನು ಫ್ಲಾಸ್ಕಿಗೆ ಸೀಲ್ ಹಾಕಿ ಲ್ಯಾಬಿಗೆ ಕಳಿಸಿದೆ. ಕಾರಿನಲ್ಲಿದ್ದ ಸಾಮಾನನ್ನು ಜನ ಹೇಳಿದಂತೆ ಮಹಜರಿಗೆ ಬರೆಸಿದೆ, ಕಾರನ್ನು ತಿರುಗಿಯೂ ನೋಡಲಿಲ್ಲ. ಇಪ್ಪತ್ತೆರಡು ವರ್ಷ ಸರ್ವಿಸ್ ಮಾಡಿದವನು ಹೇಳಿಕೊಳ್ಳುವ ಮಾತಲ್ಲ ಇದು.

*

ಸೋಮವಾರ ಬೆಳಿಗ್ಗೆ ಬಸವಾಪಟ್ಟಣದ ಅವರ ಮನೆ ಹುಡುಕಿದೆ. ಅಡುಗೆಮನೆಯ ಅಟ್ಟದ ಮೇಲೆ ಇಲಿ ಪಾಷಾಣದ ಪೊಟ್ಟಣ ಸಿಕ್ಕಿತು. ಅಂಥದ್ದೊಂದು ನಮ್ಮ ಮನೆಯಲ್ಲೂ ಇದೆ. ಆದರೂ ಏನೋ ಸಿಕ್ಕವನ ಹಾಗೆ ಜೇಬಿಗೆ ಹಾಕಿಕೊಂಡೆ.

ಹೆಣ್ಣುಮಕ್ಕಳ ಹೇಳಿಕೆ ಅವರ ಮನೆಯಲ್ಲೇ ತಗೋಬೇಕು. ನಿಯಮ ನನಗೆ ಬಾಯಿಪಾಠ. ಆದರೂ ಅವಳನ್ನು ಜೀಪಿಗೆ ಹತ್ತಿಸಿದೆ. ಓಣಿಯ ಜನ ನೋಡುತ್ತಿದ್ದರು.

ಯಾಕೆ ಹಾಗೆ ಮಾಡಿದೆ? ಹೇಳಿಬಿಡುತ್ತೇನೆ. ಅವಳ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇತ್ತು. ನಮ್ಮ ಮನೆಯಲ್ಲೂ ಇದೆ. ನಾನೂ ಅವಳೂ ಒಂದೇ ಜಾತಿಯ ಜನ. ಸೊಕ್ಕೆಯವರಿಗೆ ಅದು ಗೊತ್ತಿತ್ತು. 'ತಮ್ಮೋಳು ಅಂತ ಬಿಟ್ಟ' ಎಂದುಬಿಟ್ಟಾರು ಅಂತ ಹೆದರಿದೆ. ಆ ಹೆದರಿಕೆಗೆ ಅವಳನ್ನು ಸಂಜೆವರೆಗೂ ಠಾಣೆಯ ಬೆಂಚಿನ ಮೇಲೆ ಕೂರಿಸಿದೆ. ಬೇರೆ ಯಾರೇ ಆಗಿದ್ದರೂ ಅರ್ಧ ಗಂಟೆಯಲ್ಲಿ ಕಳಿಸುತ್ತಿದ್ದೆ.

"ಕಾಫಿಗೆ ಏನು ಹಾಕಿದೆ?"

"ಬೆಲ್ಲ ಸರ್."

"ಅತ್ತೆ ಮೇಲೆ ಸಿಟ್ಟಿತ್ತಾ?"

"ಇತ್ತು ಸರ್. ಎರಡು ವರ್ಷ ಬೇರೆ ತಟ್ಟೆ ಕೊಟ್ಟಿದ್ರು. ಆದ್ರೆ ಅವತ್ತು ಅವರೇ ಕಾಫಿ ಕೇಳಿದ್ರು. ಖುಷಿಗೆ ಬೆಲ್ಲ ಒಂದು ಚೂರು ಜಾಸ್ತೀನೇ ಹಾಕಿದೆ. ಅಂಥಾ ದಿನ ಯಾರಾದ್ರೂ ವಿಷ ಹಾಕ್ತಾರೇನ್ರಿ?"

ನಾನು 'ಸಿಟ್ಟಿತ್ತು' ಅನ್ನುವುದನ್ನಷ್ಟೇ ಬರೆದುಕೊಂಡೆ. ನಿಂಗರಾಜ್ ಹೊರಗೆ ತಲೆತಗ್ಗಿಸಿ ನಿಂತಿದ್ದ. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದ. ಪಾಪ, ತಾಯಿ ಕಡೆ ನಿಲ್ಲಬೇಕೋ ಹೆಂಡತಿ ಕಡೆ ನಿಲ್ಲಬೇಕೋ ತಿಳಿಯದೆ ಒದ್ದಾಡುತ್ತಿದ್ದಾನೆ ಅಂದುಕೊಂಡೆ. ಅವನಿಗೆ ಟೀ ಕೂಡ ತರಿಸಿಕೊಟ್ಟೆ.

*

ಮಂಗಳವಾರ ಸಂಘಮಿತ್ರಾಳನ್ನು ಮತ್ತೆ ಕರೆಸಿದ್ದೆ. ಅರೆಸ್ಟ್ ಮಾಡುವುದೆಂದು ನಿರ್ಧಾರವಾಗಿತ್ತು. ಕಾಗದ ತಯಾರಿಸುತ್ತಿದ್ದ ಕಾನ್‌ಸ್ಟೇಬಲ್ ಅರುಣಾ ಪೆನ್ನು ಕೆಳಗಿಟ್ಟಳು.

"ಸರ್, ಕೋಳಿ ಎಲ್ಲೈತೆ?"

"ಯಾವ ಕೋಳಿ?"

"ಮಹಜರಿನಾಗೆ ಬುಟ್ಟಿ ಒಂದು, ಹುಂಜ ಒಂದು ಅಂತ ನೀವೇ ಬರೆಸೀರಲ್ಲ. ಅದು ಬದುಕಿತ್ತೋ ಇಲ್ವೋ ಬರೆದಿಲ್ಲ."

ಚೌಡಕ್ಕನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ.

"ಅದಾ? ಬುಟ್ಟಿಯಾಗೇ ಸತ್ತು ಬಿದ್ದಿತ್ತು ಸಾಹೇಬ್ರೆ. ಬಿಸಿಲಿಗೆ ಸತ್ತೈತೆ ಅಂತ ತಿಪ್ಪೆಗೆ ಎಸೆದ್ವಿ."

ಅರುಣಾ ನನ್ನನ್ನೇ ನೋಡುತ್ತಿದ್ದಳು. "ಕೋಳಿ ಕಾಫಿ ಕುಡೀತಾ ಸರ್?"

ಹೆಂಗಸು ಕುಸಿದಳು, ಕೋಳಿ ಸತ್ತಿತು. ಇಬ್ಬರಿಗೂ ಒಟ್ಟಿಗೆ ಸಿಕ್ಕಿದ್ದು ಕಾಫಿಯಲ್ಲ, ಕಾರಿನೊಳಗಿನ ಗಾಳಿ.

"ಚೌಡಕ್ಕ, ಅವತ್ತು ಕಾರು ಬಂದಿದ್ದು ನೋಡಿದ್ರಾ?"

"ನೋಡೋದೇನು, ಊರು ಮುಟ್ಟೋಕೆ ಮುಂಚೇನೇ ಕೇಳ್ತು. ಟ್ರ್ಯಾಕ್ಟರ್ ಬಂತು ಅಂದ್ಕಂಡ್ವಿ. ಏನು ಸದ್ದು ಮಾರಾಯ!"

ನಾನು ಹೊರಗೆ ಓಡಿದೆ. ನಿಂಗರಾಜ್ ಹೆಂಡತಿಯನ್ನು ಅದೇ ಕಾರಿನಲ್ಲಿ ಕರೆತಂದಿದ್ದ.

"ಸ್ಟಾರ್ಟ್ ಮಾಡು."

ಮಾಡಿದ. ಸದ್ದೇ ಇಲ್ಲ. ಪಕ್ಕದ ಟೀ ಅಂಗಡಿಯ ಸ್ಟೌ ಇದಕ್ಕಿಂತ ಜೋರಾಗಿತ್ತು.

ಆಫ್ ಮಾಡಿಸಿ, ಯೂನಿಫಾರ್ಮಿನಲ್ಲೇ ನೆಲಕ್ಕೆ ಮಲಗಿ ಕೆಳಗೆ ನೋಡಿದೆ. ಸೈಲೆನ್ಸರ್ ತುಕ್ಕು ಹಿಡಿದ ಹಳೆಯದು. ಅದನ್ನು ಹಿಡಿದ ಬೋಲ್ಟುಗಳು ಮಾತ್ರ ಹೊಸವು, ಪಳಪಳ ಹೊಳೆಯುತ್ತಿದ್ದವು. ಎದ್ದು ಹಿಂದಿನ ಸೀಟಿನ ಕೆಳಗಿನ ಮ್ಯಾಟ್ ಎಳೆದೆ. ತಗಡು ತುಕ್ಕು ತಿಂದು ಅಂಗೈಯಗಲ ತೂತಾಗಿತ್ತು.

"ಕೈ ಬಟ್ಟೆ ಬಿಚ್ಚು."

"ಟೀ ಚೆಲ್ಲಿ ಸುಟ್ಟೈತೆ ಸರ್."

ಬಿಚ್ಚಿಸಿದೆ. ಅಂಗೈಗೆ ಅಡ್ಡಲಾಗಿ ಬೊಬ್ಬೆ ಎದ್ದಿತ್ತು. ಕಾದ ಕೊಳವೆ ಹಿಡಿದ ಗುರುತು.

*

ದಾವಣಗೆರೆಯ ಡಾಕ್ಟರಿಗೆ ಫೋನ್ ಮಾಡಿದೆ. ಭಾನುವಾರ ತೆಗೆದ ರಕ್ತ ಇನ್ನೂ ಇತ್ತು. ಎರಡು ಗಂಟೆಯಲ್ಲಿ ಉತ್ತರ ಬಂತು. ವಿಷವಿಲ್ಲ, ಎಂಜಿನ್ ಹೊಗೆಯ ಅನಿಲವಿದೆ. ಆಮೇಲೆ ನಿಂಗರಾಜನಿಗೆ ನಾನೇ ಹೇಳಿದೆ.

"ನೀನು ಸದ್ದು ಮಾಡೋ ಹೊಸ ಸೈಲೆನ್ಸರ್ ಮನೇಲೇ ಹಾಕಿದೆ. ಸರಿ ಕೂರಲಿಲ್ಲ. ಹೊಗೆ ಕೆಳಗೇ ಸೋರಿ ತೂತಿನಿಂದ ಒಳಗೆ ಬಂತು. ನಿಮ್ಮಮ್ಮ ಗಾಜು ಏರಿಸಿಕೊಂಡು ಹಿಂದೆ ಕೂತಿದ್ರು. ನೀನು ನಿನ್ನ ಕಿಟಕಿ ತೆಗೆದಿದ್ದೆ."

"ಸದ್ದು ಕೇಳಾಕೆ," ಅಂದ. "ಆನ್‌ಲೈನಿನಾಗೆ ತರಿಸಿದ್ದೆ ಸರ್. ಜಾಕ್ ಕೊಟ್ಟು, ಇಟ್ಟಿಗೆ ಇಟ್ಟು, ವಿಡಿಯೋ ನೋಡ್ಕಂಡು ನಾನೇ ಕೂರಿಸ್ದೆ. ಕೊಳವೆ ಗಿಡ್ಡ ಆತು. ಜೋಡಿಸೋ ಕಡೆ ಸಂದು ಉಳೀತು. ಪೇಂಟ್ ಡಬ್ಬಿ ತಗಡು ಸುತ್ತಿ ತಂತಿ ಕಟ್ಟಿದೆ. ಆಣೆ ಮಾಡ್ತೀನಿ, ಹಿಂಗಾಗ್ತೈತೆ ಅಂತ ಗೊತ್ತಿರಲಿಲ್ಲ."

"ಯಾವಾಗ ಗೊತ್ತಾಯ್ತು?"

"ಕೋಳಿ ನೋಡ್ದಾಗ."

ಅಂದರೆ ಸೊಕ್ಕೆಯಲ್ಲೇ, ಎಲ್ಲರೂ ಫ್ಲಾಸ್ಕ್ ನೋಡುತ್ತಿದ್ದಾಗಲೇ. ಆಸ್ಪತ್ರೆಗೆ ಅಮ್ಮನ ಬಟ್ಟೆ ತರುತ್ತೇನೆಂದು ಹೇಳಿ ಅದೇ ಕಾರಿನಲ್ಲಿ ನೇರ ಮನೆಗೆ ಓಡಿದ. ಆರುವವರೆಗೂ ಕಾಯದೆ ಸುಡುವ ಕೊಳವೆ ಬಿಚ್ಚಿ ಹಳೆಯದನ್ನು ಕೂರಿಸಿದ. ಹೊಸದನ್ನು ಸೂಳೆಕೆರೆಗೆ ಎಸೆದ.

"ಹೆಂಡತಿ ಇಲ್ಲಿ ಎರಡು ದಿನ ಕೂತಳಲ್ಲೋ. ಬಾಯಿ ಬಿಡಬಾರದಿತ್ತಾ?"

"ಸದ್ದಿನ ಚಟಕ್ಕೆ ಹೆತ್ತೋಳನ್ನ ಕೊಲ್ಲಾಕೆ ಹೊಂಟಿದ್ದ ಅಂತಾರೆ ಸರ್. ಮುಖ ಎತ್ತಿ ಓಡಾಡೋದು ಹೆಂಗೆ? ನಾನು ಅವಳ ಮೇಲೆ ಏನೂ ಹೇಳಲಿಲ್ಲ. ಎಲ್ಲಾರೂ ಅವಳನ್ನೇ ಅಂದ್ರು. ನಾನು ಸುಮ್ನಿದ್ದೆ ಅಷ್ಟೆ."

ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು. ಆದರೆ ನಾನೇನು ಮಾಡಿದ್ದೆ? ಅವನು ಜನರಿಗೆ ಹೆದರಿ ಸುಮ್ಮನಿದ್ದ. ನಾನು ಜನರಿಗೆ ಹೆದರಿ ಅವಳನ್ನು ಕೂರಿಸಿದ್ದೆ. ಕೇಸು ಅವನ ಮೇಲೆ ಬರೆದೆ. ನನ್ನ ಮೇಲೆ ಬರೆಯಲು ಪುಸ್ತಕ ಇರಲಿಲ್ಲ.

*

"ಸೊಕ್ಕೆಗೆ ಬನ್ರಿ ಸರ್," ಅಂದಳು ಸಂಘಮಿತ್ರಾ. "ಎಲ್ಲಾರ ಮುಂದೆ ಅಂದ್ರಲ್ಲ, ಎಲ್ಲಾರ ಮುಂದೇನೇ ಹೇಳ್ರಿ."

ಹೋದೆ. ಬುಧವಾರ ಚೌಡಕ್ಕನ ಅಂಗಳದಲ್ಲಿ ಜನ ಸೇರಿದರು. ರಕ್ತದ ವರದಿ ಓದಿದೆ. ಸೈಲೆನ್ಸರಿನ ಕಥೆ ಹೇಳಿದೆ. ಇವಳನ್ನು ಠಾಣೆಗೆ ಎಳೆದದ್ದು ನನ್ನ ತಪ್ಪು, ನಿಮ್ಮ ಬಾಯಿಗೆ ಹೆದರಿ ಹಾಗೆ ಮಾಡಿದೆ ಅಂತಲೂ ಹೇಳಿದೆ. ಚೌಡಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಕಸ್ತೂರಮ್ಮ ಕಣ್ಣು ಬಿಟ್ಟಿದ್ದರು. ಸೊಸೆ ಎಲ್ಲಿ ಅಂತ ಕೇಳುತ್ತಿದ್ದರಂತೆ.

ಸಂಘಮಿತ್ರಾ ಬಸ್ ನಿಲ್ದಾಣದ ಕಡೆ ನಡೆದಳು. ನಾನು ಜೀಪು ತಂದು ಪಕ್ಕದಲ್ಲಿ ನಿಲ್ಲಿಸಿದೆ.

"ಹತ್ತು ತಂಗಿ. ದಾವಣಗೆರೆಗೆ ನಾನೇ ಬಿಡ್ತೀನಿ."

ಅವಳು ನಿಂತಳು. ಸಿಟ್ಟಿರಲಿಲ್ಲ ಮುಖದಲ್ಲಿ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ತಂಗಿ ಅಂತ ಮೊನ್ನೆ ಅನ್ನಬೇಕಿತ್ತು ಸರ್," ಅಂದು ಬಸ್ಸಿಗೆ ಕೈ ಮಾಡಿದಳು.