ಒಂದು ತಂಬಿಗೆ ನೀರು

ಆಹಾರ ಸುರಕ್ಷತಾ ಅಧಿಕಾರಿ ಜಂಬುನಾಥ ಬಳ್ಳಾರಿಯಿಂದ ಬಂದು, ಕುರುಗೋಡಿನ ಬಸ್ ನಿಲ್ದಾಣದೆದುರು ಜೀಪಿನಿಂದ ಇಳಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಹಾಲಿನಂಗಡಿಯ ಕಾವೇರಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಗೆಯನ್ನು ತುಟಿಯಂಚಿನಲ್ಲೇ ತಡೆದು ನಿಂತಳು.

"ಮತ್ತ ಬಂದ್ರಾ ಸಾಹೇಬ್ರ? ಊರಾಗ ಹಾಲು ಮಾರಾಕಿ ನಾ ಒಬ್ಬಾಕಿನ ಅದೀನೇನ್ರಿ?"

"ಸ್ವಚ್ಛ ಐತಿ. ನೋಡಾಕ ಹಿತ ಆಗತೈತಿ."

"ಅಂಗಡೀನಾ?"

ಅವನು ಕ್ಯಾನಿನ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟ. ಆ ಗಾಜಿನ ಕೊಳವೆ ಅಪ್ಪಟ ಹಾಲಿನ ಗೆರೆಯಲ್ಲಿ ತೇಲಲಿಲ್ಲ. ನಿಟ್ಟುಸಿರಿನಂತೆ ಮೆಲ್ಲಗೆ ಕೆಳಗಿಳಿಯಿತು. ಹಾಲಿನಲ್ಲಿ ನೀರಿತ್ತು.

ಸಾಲಿನಲ್ಲಿದ್ದ ಗಿರಾಕಿಗಳು ಕತ್ತು ಚಾಚಿ ನೋಡಿದರು. ತಂದೆ ತೀರಿದ ಮೇಲೆ ಕಾವೇರಿ ಗಳಿಸಿದ್ದು ಒಂದೇ: ಅವಳ ಹಾಲಿಗೆ ನೀರು ಸೇರದೆಂಬ ಹೆಸರು. ಅದನ್ನು ಅಳಿಸಬೇಕಾದವನು, ಅವಳಿಗೊಂದು ಮಾತು ಹೇಳಲಾರದೆ ವರ್ಷವೆಲ್ಲ ತೊಳಲಿದ ಜಂಬುನಾಥನೇ.

"ಕಣ್ಣು ತಪ್ಪಿಸಬ್ಯಾಡ್ರಿ. ನೀರೈತಿ ಅಂದ್ರ ಐತಿ ಅನ್ರಿ. ನಾ ಅಂತೂ ಹಾಕಿಲ್ಲ."

"ಐತಿ, ಕಾವೇರಿ."

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅದೂ ಇಂಥ ಮಾತಿಗೆ. ಅವಳ ಕಣ್ಣು ತುಂಬಿತು.

ಒಳಗಿನಿಂದ ತಾಯಿ ಮಂಜಮ್ಮ ಬಂದಳು. "ನಾನ ಹಾಕೀನಿ, ಒಂದು ತಂಬಿಗಿ. ಹೋದ ವಾರ ಕೊಟಗಿ ನೋಡಾಕ ಬಂದಾಗ ಈ ಸಾಹೇಬ್ರು ರೆಪ್ಪಿ ಬಡೀದಂಗ ನಿಂತಿದ್ರು. ಮರುದಿನದಿಂದ ಎಮ್ಮಿ ಹಾಲು ಕಡಿಮಿ ಮಾಡ್ತು. ದೃಷ್ಟಿ ತಾಕಿದ್ರ ನಮ್ಮತ್ತಿ ಹಾಲಿಗೆ ನೀರು ಬೆರಸಿ ಹೊರಗ ಕೊಡ್ತಿದ್ಲು. ನಾನೂ ಹಂಗ ಮಾಡೀನಿ."

"ಅಯ್ಯ ಯವ್ವಾ!" ಎಂದಳು ಕಾವೇರಿ.

ಜಂಬುನಾಥನ ಕಿವಿ ಕೆಂಪೇರಿತು. "ಯವ್ವಾ, ನಾ ಎಮ್ಮಿ ನೋಡಲಿಲ್ಲ."

"ಮತ್ತೇನು ನೋಡಿದ್ರಿ?"

"ಎಮ್ಮಿ ಹಿಂಡಾಕಿನ್ನ." ಅವನ ಕಣ್ಣು ಕಾವೇರಿಯ ಕಡೆ ಹೊರಳಿತು.

ಹಾಲಿಗೆ ನಿಂತಿದ್ದ ಮುದುಕ ದಾದಾಪೀರ್, "ಹಂಗಾದ್ರ ಪಾಪ, ಎಮ್ಮೀದೇನು ತಪ್ಪು?" ಎಂದ. ಎಲ್ಲರೂ ನಕ್ಕರು.

ಕಾವೇರಿ ನಗಲಿಲ್ಲ. "ನಗೋದು ಆಮ್ಯಾಲ. ಮೊದಲು ನಿಮ್ಮ ಕೆಲಸ ಮುಗಸ್ರಿ."

ಅವನು ಮಾದರಿ ತೆಗೆದು ಬಾಟಲಿಗಳಿಗೆ ಅರಗಿನ ಮುದ್ರೆ ಒತ್ತಿದ. ಅವಳು ಸಹಿ ಹಾಕಿ, ಉಳಿದ ಹಾಲನ್ನು ಎಲ್ಲರೆದುರು ಚೆಲ್ಲಿದಳು. "ತಪ್ಪು ನಮ್ಮ ಮನೀದು. ನಾಳಿ ಹಿಂಡಿದ ಹಾಲು ಯಾರ ಕೈಗೂ ಕೊಡದ ನಾನ ತರತೀನಿ. ಬರೋರು ಬರ್ರಿ."

"ಬರ್ತೀನವ್ವ," ಎಂದು ದಾದಾಪೀರ್ ಖಾಲಿ ಪಾತ್ರೆ ಹಿಡಿದು ಹೊರಟ. ಉಳಿದವರೂ ತಲೆಯಾಡಿಸಿದರು.

ಜೀಪಿನವರೆಗೆ ಹೋಗಿ ಜಂಬುನಾಥ ಅವಳತ್ತ ತಿರುಗಿದ. "ಮುಂದಿನ ಸಲ ತಪಾಸಣಿಗೆ ಬ್ಯಾರೆಯವರು ಬರ್ತಾರ."

ಅವಳ ಮುಖ ಬಾಡಿತು. "ಸಿಟ್ಟು ಬಂತೇನ್ರಿ?"

"ಇಲ್ಲ. ಹೇಣ್ತಿ ಅಂಗಡಿ ನಾನ ತಪಾಸಣಿ ಮಾಡಿದ್ರ ಚೆಂದ ಇರಂಗಿಲ್ಲ. ನೀವು ಹ್ಞೂಂ ಅಂದ್ರ."

ಸಿರುಗುಪ್ಪದ ಬಸ್ಸೊಂದು ಧೂಳೆಬ್ಬಿಸಿ ಹೋಯಿತು. ಅವಳು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

"ಬರೋರು ಕಟ್ಟುನಿಟ್ಟಿನೋರ ಇರಬೇಕು ಮತ್ತ," ಎಂದಳು. "ಗಂಡ ಅಧಿಕಾರಿ ಅದಾನಂತ ಬಿಟ್ರು ಅಂತ ನಾಳಿ ಯಾರೂ ಅನಬಾರದು."

ಆಡಿದ ಮಾತು ಆಗಷ್ಟೇ ತನಗೇ ಕೇಳಿಸಿದಂತೆ, ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.