ಹಮೀದಾಬೇಗಂ ನುಡಿದ ಸಾಕ್ಷಿ

“ನಮ್ಮ ಅಬ್ಬಾ ಕುಡಿದಿದ್ರು ಅಂತ ಯಾರು ಹೇಳಿದ್ರು ನಿಮಗ?”

ಶಹಾಬಾದಿನ ಕಾರ್ಮಿಕ ಸಂಘದ ಕಚೇರಿಯಲ್ಲಿ ಎಲ್ಲರೂ ಬಾಗಿಲ ಕಡೆ ತಿರುಗಿದರು. ಅಲ್ಲಿದ್ದ ಹುಡುಗಿಯ ಮುಷ್ಟಿಯಲ್ಲಿ ಅಂದಿನ ಪೇಪರ್ ಮುದ್ದೆಯಾಗಿತ್ತು. ಅವಳು ಹಮೀದಾಬೇಗಂ. ರಾವೂರಿನ ಖಣಿಯಲ್ಲಿ ಕಲ್ಲಿನ ಗೋಡೆ ಕುಸಿದು ಸತ್ತ ಮಜೀದಸಾಬನ ಮಗಳು. ಪೇಪರಿನಲ್ಲಿ ಆ ಸಾವಿನ ಸುದ್ದಿ ಬರೆದಿದ್ದ ಗುಲಬರ್ಗಾದ ದಿನಪತ್ರಿಕೆಯ ವರದಿಗಾರ ಜಿಲಾನಿ ಅಲ್ಲೇ ಕುಳಿತಿದ್ದ.

ಅವನು ಹಾಗೆ ಬರೆದಿರಲಿಲ್ಲ. ಕುಡಿತದ ಸಾಲು ಸೇರಿಸಿದವರು ಸಂಪಾದಕರು. ಆದರೂ ಎದ್ದು ನಿಂತು, “ಸುದ್ದಿ ಮ್ಯಾಲ ನನ್ನ ಹೆಸರದ. ತಪ್ಪು ನಂದ,” ಎಂದ.

ಜಗಳಕ್ಕೆಂದೇ ಬಂದವಳು ಮುದ್ದೆಯಾದ ಪೇಪರನ್ನು ಅವನ ಮುಂದಿಟ್ಟಳು. ಸೆರಗು ಎಳೆದುಕೊಂಡು ಹೊರಟುಹೋದಳು.

ಆ ವಾರವೇ ಖಣಿಯ ಕೂಲಿಗಳು ಮಜೀದಸಾಬನ ಸಾವಿಗೆ ನ್ಯಾಯ ಕೇಳಿ ಕೆಲಸ ನಿಲ್ಲಿಸಿದರು. ಜಿಲಾನಿ ವಾಡಿಯಲ್ಲಿ ರೈಲಿಳಿದು, ಬಾಡಿಗೆ ಸೈಕಲ್ ಹಿಡಿದು ಮುಷ್ಕರದ ಚಪ್ಪರಕ್ಕೆ ಬರತೊಡಗಿದ. ಅಲ್ಲಿ ಹಮೀದಾ ಚಹಾ ಹಂಚುತ್ತಿದ್ದಳು. ಕುಡಿತದ ಸಾಲು ಜಿಲಾನಿ ಬರೆದದ್ದಲ್ಲ ಎಂದು ಸಂಘದ ಮುಖಂಡ ಅಂಬಾರಾಯ ಅವಳಿಗೆ ಹೇಳಿದ್ದ. ಒಂದು ದಿನ ಜಿಲಾನಿಯ ಮುಖಕ್ಕೆ ಮೆತ್ತಿದ್ದ ಬಿಳಿ ಧೂಳು ಕಂಡು ತುಟಿ ಕಚ್ಚಿ ನಗು ತಡೆದಳು.

“ಏನ್ರಿ, ಇವತ್ತು ಪೌಡರ್ ಭಾಳ ಆಗ್ಯಾದ?”

“ನಿಮ್ಮೂರ ರಸ್ತಾನೇ ಹಚ್ಚಿ ಕಳಸ್ತದ. ನಾ ಏನ್ ಮಾಡ್ಲಿ?”

“ಒರಸ್ಕೋರಿ. ಇಲ್ಲಿ ಯಾರೂ ನಿಮ್ಮ ಫೋಟೋ ತೆಗೀಲಾಕ ಕುಂತಿಲ್ಲ.”

ಚಹಾ ಕೊಡುವಾಗ ಅವಳು ಕಪ್ಪನ್ನೇ ನೋಡುತ್ತಿದ್ದಳು. ಅವನು ಕುಡಿಯುವಾಗ ಮಾತ್ರ ಕಣ್ಣೆತ್ತುತ್ತಿದ್ದಳು. ಅದಕ್ಕೇ ಅವನು ನಿಧಾನವಾಗಿ ಕುಡಿಯುತ್ತಿದ್ದ.

ಮುಷ್ಕರ ಎಳೆದಂತೆ ಆ ನಗು ಬತ್ತಿತು. ಒಲೆಗಳು ಒಂದೊಂದಾಗಿ ಆರಿದವು. ಕೆಲವರು ಮಕ್ಕಳನ್ನು ಕರೆದುಕೊಂಡು ಸೇಡಂ ಕಡೆ ಕೂಲಿ ಹುಡುಕಿ ಹೋದರು. ಉಳಿದವರ ಆಸೆಯೆಲ್ಲ ಈ ಸಾವಿನ ಬಗ್ಗೆ ಚಿತ್ತಾಪುರದಲ್ಲಿ ನಡೆಯಲಿದ್ದ ವಿಚಾರಣೆಯ ಮೇಲಿತ್ತು. ಸತ್ತ ದಿನ ಬೆಳಿಗ್ಗೆ ಮಜೀದಸಾಬ, ಗೋಡೆ ಬಿರಿದಿದೆ ಎಂದು ಖಣಿಯ ಮುನ್ಶಿಗೆ ತೋರಿಸಿದ್ದ. “ಇಳಿ, ಇಲ್ಲಾ ಮನಿಗಿ ಹೋಗು,” ಎಂದಿದ್ದ ಮುನ್ಶಿ. ಬುತ್ತಿ ಒಯ್ದಿದ್ದ ಹಮೀದಾ ಬಿರುಕನ್ನೂ ಕಂಡಿದ್ದಳು, ಆ ಮಾತನ್ನೂ ಕೇಳಿದ್ದಳು. ಕೇಳಿದ ಉಳಿದವರು ಹೆದರಿ ಬಾಯಿ ಮುಚ್ಚಿದ್ದರು.

ವಿಚಾರಣೆಯ ಹಿಂದಿನ ದಿನ ಜಿಲಾನಿ ಅವಳನ್ನು ಚಪ್ಪರದ ಹೊರಗೆ ಕರೆದ.

“ಮಾಲಕರ ವಕೀಲ ನಮ್ಮಿಬ್ಬರ ಸುದ್ದಿ ತೆಗೀತಾನ. ಊರಾಗ ಮಂದಿ ಮಾತಾಡ್ಲಿಕತ್ತಾರ.”

“ನಮ್ಮಿಬ್ಬರ ಸುದ್ದಿ? ಏನದು?”

“ನಿನಗ ಗೊತ್ತಿಲ್ಲೇನು?”

“ಬಾಯಿಬಿಟ್ಟು ಹೇಳಿದ್ರ ಗೊತ್ತಾಗ್ತದ.”

ಊರೂರಿನ ಮಾತು ಬರೆಯುವವನು ಈಗ ತನ್ನ ಮಾತು ಆಡಿದ. “ನಿನ್ನ ಬಿಟ್ಟು ಇರಲಾಕ ಆಗಲ್ಲ ನನಗ. ಆದ್ರ ನಾಳಿ ಕೇಳಿದ್ರ, ಅವ ನನಗ ಯಾರೂ ಅಲ್ಲ ಅಂದುಬಿಡು. ಇಲ್ಲಾಂದ್ರ ಸಾಕ್ಷಿ ನಾನೇ ಕಲಿಸೀನಿ ಅಂತಾರ.”

ಅವಳ ಮುಖ ಅರಳಿತು, ಆಮೇಲೆ ಬಾಡಿತು. ತಿರುಗಿ ಚಪ್ಪರದೊಳಗೆ ಹೋದಳು.

ಮರುದಿನ ವಕೀಲ ಅದನ್ನೇ ಕೇಳಿದ. “ಈ ಪೇಪರ್‌ದವ ನಿನಗೇನಾಗಬೇಕು?”

ಕೂಲಿಗಳು ನೆಲದ ಮೇಲೆ ಕುಳಿತಿದ್ದರು. ಜಿಲಾನಿ ತಲೆ ತಗ್ಗಿಸಿ ಬರೆಯುತ್ತಿದ್ದ.

“ಅವರ್ನ ನಾ ಮದಿವಿ ಆಗಾಕಿ,” ಎಂದಳು ಹಮೀದಾ. “ಅಬ್ಬಾ ಸತ್ತ ದಿನ ನನಗ ಇವರ ಹೆಸರೂ ಗೊತ್ತಿರಲಿಲ್ಲ. ಗ್ವಾಡಿ ಬಿರಿದದ್ದು ಇವರು ಕಲಿಸಿದ ಮಾತಲ್ರಿ, ನಾ ಕಣ್ಣಾರೆ ಕಂಡದ್ದು.”

ಯಾರೋ ನಕ್ಕರು. ಜಿಲಾನಿಯ ಪೆನ್ನು ನಿಂತಿತು. ಆಮೇಲೆ ಅವಳ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡ.

ಅದು ಅಚ್ಚಾಗಲಿಲ್ಲ. ಸಂಪಾದಕರು ಅವನನ್ನು ಕೆಲಸದಿಂದ ತೆಗೆದರು. ಮದುವೆಯಾಗುವವನು ಕಲಿಸಿದ್ದೆಂದು ವಿಚಾರಣೆಯಲ್ಲಿ ಹಮೀದಾಳ ಸಾಕ್ಷಿಯನ್ನು ನಂಬಲಿಲ್ಲ. ಮುಷ್ಕರ ಮುರಿದು ಜನ ಮತ್ತೆ ಖಣಿಗಿಳಿದರು. ಬಾವಿಯ ಹತ್ತಿರ ಅಂಬಾರಾಯನ ಹೆಂಡತಿ ಅಮೃತಮ್ಮ ಮುಖ ತಿರುಗಿಸಿದಳು. “ಒಂದು ಸುಳ್ಳು ಹೇಳಿದ್ರ ಏನಾಗ್ತಿತ್ತವ್ವಾ? ನಮ್ಮ ಮನಿ ಒಲಿ ಉರೀತಿತ್ತು.”

ನಿಕಾಹಿಗೆ ಬಂದವರು ಕೆಲವೇ ಮಂದಿ. ಎಲ್ಲರೂ ಹೋದ ಮೇಲೆ ಹಮೀದಾ ಗೋಡೆಗೊರಗಿ ಕೇಳಿದಳು. “ಖರೇ ಹೇಳ್ರಿ. ನಾ ತಪ್ಪು ಮಾಡಿದ್ನೇನು?”

ಸಮಾಧಾನದ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಆಡಲಿಲ್ಲ.

“ಗೊತ್ತಿಲ್ಲ, ಹಮೀದಾ. ನಮ್ಮಿಂದ ಅವರು ಸೋತ್ರು. ಆದ್ರ ನೀ ಹಂಗಂದಾಗ ಆದಷ್ಟು ಖುಷಿ ನನಗ ಎಂದೂ ಆಗಿಲ್ಲ. ಅಷ್ಟು ನಾಚಿಕಿನೂ ಆಗಿಲ್ಲ.”

ಖಣಿಯಲ್ಲಿ ಕಲ್ಲು ಸಿಡಿಸಿದ ಸದ್ದಿಗೆ ಪಾತ್ರೆಗಳು ಅದುರಿದವು. ಹಮೀದಾ ಬೆಚ್ಚಿ ಅವನ ಕೈ ಹಿಡಿದಳು. ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು. ಸದ್ದು ಅಡಗಿತು, ಧೂಳು ಬಾಗಿಲವರೆಗೆ ಬಂತು. ಅವಳು ಕೈ ಬಿಡಲಿಲ್ಲ.